ದನಿಯ ಮೇಲೆ ಬಂದ ತಡೆಯಾಜ್ಞೆ

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರಿಗೆ ಮುಖವಿರಲಿಲ್ಲ. ಇದ್ದಿರಲೇಬೇಕು, ನಾನು ನೋಡಿರಲಿಲ್ಲ ಅಷ್ಟೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಎಸ್‌ಟಿಡಿ ಬೂತಿನಲ್ಲಿ ಗಾಜಿನ ಬಾಗಿಲು ಎಳೆದುಕೊಂಡು, ಕಿವಿಗೆ ರಿಸೀವರ್ ಒತ್ತಿ ನಿಂತು, ನಾನು ಬೆಂಗಳೂರಿನ ಒಬ್ಬ ಹಿರಿಯ ವಕೀಲರ ಜೂನಿಯರ್ ಆದೆ. ಧಾರವಾಡಕ್ಕೆ ಹೈಕೋರ್ಟಿನ ಪೀಠ ಬರುವುದು ಆಗಿನ್ನೂ ಬರೀ ಮಾತು. ನಮ್ಮ ಕಡೆಯ ಮೇಲ್ಮನವಿಗಳೆಲ್ಲ ಸಂಜೆಯ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕು. ಅಲ್ಲಿನವರಿಗೆ ನಮ್ಮ ಸಾಕ್ಷಿಗಳ ಕನ್ನಡ ತಿಳಿಯುತ್ತಿರಲಿಲ್ಲ. ಅದಕ್ಕೆ ಇಲ್ಲೊಬ್ಬರು ಬೇಕಾಗಿದ್ದರು.

ಸಂದರ್ಶನ ಫೋನಿನಲ್ಲೇ ನಡೆಯಿತು. "ಕೈಯಲ್ಲಿ ಯಾವುದಾದರೂ ಸಾಕ್ಷಿಯ ಹೇಳಿಕೆ ಇದೆಯೇನಮ್ಮ?" ಎಂದು ಕೇಳಿದರು. ಇತ್ತು. ಸವದತ್ತಿಯ ಒಂದು ಹೊಲದ ದಾವೆಯದು. ಪಾಟೀ ಸವಾಲಿನ ಭಾಗವನ್ನು ಗಟ್ಟಿಯಾಗಿ ಓದಿಸಿದರು. ಆಮೇಲೆ, "ಅದನ್ನೇ ಈಗ ಇಂಗ್ಲಿಷಿನಲ್ಲಿ ಹೇಳಿ" ಎಂದರು. ಹೇಳಿದೆ. ಚೆನ್ನಾಗಿಯೇ ಹೇಳಿದೆ ಅಂದುಕೊಂಡಿದ್ದೆ.

"ಅವನು ಮೊದಲು ಹೂಂ ಅಂದ, ಆಮೇಲೆ ಅಲ್ಲ ಅಂದ, ಆಮೇಲೆ ಹೌದು ಅಂದ. ನೀವು ಬರೀ ಹೌದು ಅಂದಿರಿ. ಉಳಿದೆರಡನ್ನು ಎಲ್ಲಿ ಬಿಟ್ಟಿರಮ್ಮ?"

ಕಾಗದದಲ್ಲಿ ಆ ಸಾಲನ್ನು ಹುಡುಕಿದೆ. ಮೂರೂ ಅಲ್ಲೇ ಇದ್ದವು.

"ಚಂದ ಮಾಡಬೇಡಿ. ಸಾಕ್ಷಿ ತಡವರಿಸಿದಲ್ಲಿ ನೀವೂ ತಡವರಿಸಿ. ನಾಳೆಯಿಂದ ಶುರು ಮಾಡಿ" ಎಂದು ಇಟ್ಟುಬಿಟ್ಟರು.

ಕೆಲಸದ ರೀತಿ ಹೀಗಿತ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕೋರ್ಟುಗಳಿಂದ ದೃಢೀಕೃತ ನಕಲು ತೆಗೆಸುವುದು. ಕಿತ್ತೂರಿನ ಕಡೆಯ ಕಕ್ಷಿದಾರರು ಬೈಲಹೊಂಗಲಕ್ಕೇ ಬರುತ್ತಿದ್ದರು. ಹೇಳಿಕೆಗಳನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿ, ಮೇಲ್ಮನವಿಯ ಕರಡು ಬರೆದು, ಲಕೋಟೆಯನ್ನು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅಲ್ಲಿ ಅವರ ಗುಮಾಸ್ತ ಇಳಿಸಿಕೊಳ್ಳುತ್ತಿದ್ದ. ತಿದ್ದುಪಡಿ ಹಸಿರು ಶಾಯಿಯಲ್ಲಿ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಸಂಜೆ ಏಳಕ್ಕೆ ನಾನು ಬೂತಿನಲ್ಲಿರಬೇಕು, ಅವರು ಫೋನ್ ಮಾಡುತ್ತಿದ್ದರು. ಮೊಬೈಲುಗಳು ಬಂದಿದ್ದವು, ನನ್ನ ಹತ್ತಿರ ಇರಲಿಲ್ಲ.

ಬಾರ್ ರೂಮಿನಲ್ಲಿ ಇದೊಂದು ಗೇಲಿಯ ವಿಷಯವಾಗಿತ್ತು. "ಏನವಾ ತಂಗಿ, ನಿಮ್ಮ ಆಕಾಶವಾಣಿ ಇವತ್ತ ಏನ್ ಅಂತು?" ಎಂದು ಕೇಳುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆ ಒಂದು ಅಳುಕು ಮೊದಲಿನಿಂದಲೂ ಇತ್ತು. ದನಿಯೊಂದರ ಮಾತು ಕೇಳಿ ನಾನು ಜನರಿಗೆ ಭರವಸೆ ಕೊಡುತ್ತಿದ್ದೆ.

ಮುಂದಿನದನ್ನು ಬರೆಯುವ ಮೊದಲು ಒಂದು ಮಾತು. ಈ ಪ್ರಸಂಗವನ್ನು ನಾನು ಬಹಳ ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ಹೊಳೆಯ ಕಲ್ಲಿನಂತೆ ನುಣುಪಾಗಿದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ರಾಮದುರ್ಗದಾಚೆ ಹೊಳೆಯ ದಂಡೆಯ ಒಂದು ಊರಿನ ನೇಕಾರ ಹೆಂಗಸು ನನ್ನ ಕಕ್ಷಿದಾರಳು. ಗಂಡ ತೀರಿಕೊಂಡಿದ್ದ. ಮೈದುನ, ಸೊಸೆಯಂದಿರು ಸೇರಿ ನಾಲ್ಕು ಕುಣಿಮಗ್ಗ ನಡೆಸುತ್ತಿದ್ದರು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು, ಮುಂದೆ ಹಾಸ, ಎಂದರೆ ಉದ್ದ ನೂಲು, ಬಿಗಿದು ನೇಯುವಂಥದ್ದು. ಅದನ್ನು ಎತ್ತಿ ಬೇರೆ ಕಡೆ ಇಡುವುದೆಂದರೆ ಗಿಡ ಕಿತ್ತು ನೆಟ್ಟ ಹಾಗೆ. ಮಗ್ಗದ ಛಪ್ಪರದ ಜಾಗ ತನ್ನದೆಂದು ಒಬ್ಬ ವ್ಯಾಪಾರಿ ದಾವೆ ಹಾಕಿ ಗೆದ್ದಿದ್ದ. ಮೊದಲ ಅಪೀಲಿನಲ್ಲೂ ನಾವು ಸೋತೆವು. ಜಾಗ ಬಿಡಿಸಿಕೊಡಲು ರಾಮದುರ್ಗದ ಕೋರ್ಟು ವಾರಂಟು ಹೊರಡಿಸಿ ದಿನವನ್ನೂ ಗೊತ್ತು ಮಾಡಿತು. ಉಳಿದದ್ದು ಹೈಕೋರ್ಟಿನ ಎರಡನೇ ಅಪೀಲು, ಅದರ ಜೊತೆಗೆ ತಡೆಯಾಜ್ಞೆಯ ಅರ್ಜಿ. ಆ ಅರ್ಜಿ ವಿಚಾರಣೆಗೆ ಬಂದದ್ದು ವಾರಂಟಿನ ಹಿಂದಿನ ದಿನ.

ಆ ಸಂಜೆ ಅವಳೂ ಬೈಲಹೊಂಗಲಕ್ಕೆ ಬಂದು ಬೂತಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು.

"ಮೈದುನ ಊಟಕ್ಕೂ ಏಳವಲ್ಲ ಅಕ್ಕಾರ. ಒಂದೇ ಸಮನ ನೇಯಾಕ ಹತ್ಯಾನ. ಹಾಸ ಮುಗಿಸಿ ಅರಿವಿ ಇಳಿಸಿದ್ರ ಅರಿವಿಯರ ಉಳೀತೈತಿ ಅಂತಾನ. ಮಗ್ಗ ಹ್ವಾದ್ರ ಹೋಗ್ಲಿ ಅಂತಾನ" ಎಂದಳು. "ಹೋಗ್ಲಿ ಅಂತಾನ ನೋಡ್ರಿ, ಅವಂಗ ಬ್ಯಾರೆ ಏನ್ ಬರತೈತಿ?"

ಏಳಕ್ಕೆ ಫೋನ್ ಬರಲಿಲ್ಲ. ಬೂತಿನವ ರೇಡಿಯೋದ ದನಿ ತಗ್ಗಿಸಿ ನನ್ನ ಕಡೆ ನೋಡುತ್ತ ಕೂತ. ಎಂಟರ ಹೊತ್ತಿಗೆ ಗಂಟೆ ಬಾರಿಸಿತು.

"ಸ್ಟೇ ಸಿಕ್ತಮ್ಮ. ಮುಂದಿನ ತಾರೀಖಿನವರೆಗೆ. ಆರ್ಡರ್ ಕಾಪಿ ಬರೋಕೆ ದಿನಗಳು ಹಿಡಿಯುತ್ತೆ. ನಾನೊಂದು ಲೆಟರ್ ಫ್ಯಾಕ್ಸ್..."

ಅಷ್ಟಕ್ಕೇ ಲೈನು ಹೋಯಿತು. ಮತ್ತೆ ಮತ್ತೆ ತಿರುಗಿಸಿದೆ. ಗಂಟೆ ಹೋಗುತ್ತಿತ್ತು, ಎತ್ತುವವರಿರಲಿಲ್ಲ. ಬೂತಿನ ಫ್ಯಾಕ್ಸಿನಿಂದಲೂ ಏನೂ ಹೊರಬರಲಿಲ್ಲ.

ಹೊರಗೆ ಬಂದಾಗ ಅವಳು ಎದ್ದು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ತಿಳೀತ್ರಿ, ನಿಮ್ಮ ಮಾರಿ ಹೇಳತೈತಿ" ಎಂದು ಕೈಮುಗಿದಳು.

ನನ್ನ ಭಯ ಅಲ್ಲಿಂದ ಶುರುವಾಯಿತು. ಆ ವಾರ ಬೆಂಗಳೂರಿನ ಹಿರಿಯರ ಕೈಯಲ್ಲಿ ನನ್ನ ಎರಡು ಅಪೀಲುಗಳಿದ್ದವು. ಒಂದು ಇವಳದು. ಇನ್ನೊಂದು ಕಿತ್ತೂರಿನ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ. ಅದರಲ್ಲೂ ತಡೆಯಾಜ್ಞೆ ಕೇಳಿದ್ದೆವು, ಅದೂ ಆ ದಿನವೇ ವಿಚಾರಣೆಗೆ ಬಂದಿರಬಹುದಿತ್ತು. ಸಿಕ್ಕಿದ್ದು ಯಾವುದರಲ್ಲಿ? ಫೋನಿನಲ್ಲಿ ಅವರು 'ಆ ಮಗ್ಗದ ಹೆಂಗಸಿನ ಕೇಸು' ಎಂದು ಹೇಳಿದರೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಮೇಲೆ ಬರೆಯುವಾಗ ಆ ಮಾತನ್ನು ಬಿಟ್ಟಿದ್ದೇನೆ, ಏಕೆಂದರೆ ಅದು ನನಗೆ ಅವರ ದನಿಯಲ್ಲಿ ಕೇಳಿಸುವುದಿಲ್ಲ, ನನ್ನ ದನಿಯಲ್ಲಿ ಕೇಳಿಸುತ್ತದೆ.

ಅವಳು ನಮ್ಮ ಮನೆಯಲ್ಲೇ ಮಲಗಿದಳು. ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹೊರಡುವ ಮೊದಲು ಬೂತಿನ ಬಾಗಿಲು ಬಡಿದು ಎಬ್ಬಿಸಿ ಕೇಳಿದೆ. ಫ್ಯಾಕ್ಸು ಬಂದಿರಲಿಲ್ಲ. ಮುನವಳ್ಳಿ ದಾಟಿ, ಸವದತ್ತಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗಲೂ ನಾನು ಕೆಳಗಿಳಿಯಲಿಲ್ಲ. ಇಳಿದರೆ ಬಸ್ಸು ಬಿಟ್ಟುಹೋಗುತ್ತದೆ ಎಂಬ ಒಂದು ಹುಚ್ಚು ಹೆದರಿಕೆ. ಅವಳು ಮಾತ್ರ ಇಳಿದು ಎರಡು ಕಪ್ಪು ತಂದಳು.

ಕಾಯಿದೆ ಹೀಗೆ ಹೇಳುತ್ತದೆ: ಮೇಲಿನ ಕೋರ್ಟಿನ ತಡೆಯಾಜ್ಞೆ ಕೆಳಗಿನ ಕೋರ್ಟಿಗೆ ತಲುಪಿದ ಮೇಲೆಯೇ ಜಾರಿ. ಪ್ರತಿ ಬರುವುದು ತಡವಾದರೆ ಒಂದು ದಾರಿ ಇದೆ. ಆದೇಶ ಆಗಿದೆ ಎಂದು ಮೇಲ್ಮನವಿದಾರ ತಾನೇ, ತನ್ನ ಸ್ವಂತ ತಿಳುವಳಿಕೆಯಿಂದ, ಪ್ರಮಾಣಪತ್ರ ಬರೆದುಕೊಟ್ಟರೆ ಕೆಳಗಿನ ಕೋರ್ಟು ಅದನ್ನು ನಂಬಿ ನಡೆಯಬೇಕು. ಸ್ವಂತ ತಿಳುವಳಿಕೆ ಎಂದರೆ ಬೆಂಗಳೂರಿನ ಆ ಕೋರ್ಟು ಹಾಲಿನಲ್ಲಿ ನಿಂತು ಕಿವಿಯಾರೆ ಕೇಳಿರಬೇಕು. ಇಲ್ಲಿ ಕೇಳಿದವರು ಹಿರಿಯರು. ಅವರಿಂದ ಕೇಳಿದವಳು ನಾನು. ಅವಳು ನೋಡಿದ್ದು ನನ್ನ ಮುಖ. ಪ್ರಮಾಣ ಮಾಡಬೇಕಾದವಳು ಅವಳು.

ರಾಮದುರ್ಗದ ಕೋರ್ಟಿನ ಹೊರಗಿನ ಟೈಪಿಸ್ಟ್ ಕಾಗದ ಸಿಕ್ಕಿಸಿ, "ಮಾಮೂಲಿದ ಹೊಡೀಲೇನ್ರಿ? ನಿನ್ನೆ ನಾನು ಖುದ್ದಾಗಿ ಹಾಜರಿದ್ದು ಕೇಳಿರುತ್ತೇನೆ..." ಎಂದ. ಅವನ ಬೆರಳುಗಳು ಆಗಲೇ ನಡೆಯುತ್ತಿದ್ದವು. ಎಲ್ಲರೂ ಹಾಗೇ ಹೊಡೆಸುತ್ತಿದ್ದರು. ಬೆಂಗಳೂರು ನೋಡದವರೂ ಬೆಂಗಳೂರಿನಲ್ಲಿ ಹಾಜರಿರುತ್ತಿದ್ದರು.

"ನಿಲ್ಲಸ್ರಿ" ಎಂದೆ.

"ಹೊಡೀಲಿ ಬಿಡ್ರಿ ಅಕ್ಕಾರ" ಎಂದಳು ಅವಳು. "ಬೆಂಗಳೂರಾಗಿದ್ನಿ ಅಂತ ನಾ ಹೇಳ್ತೇನಿ. ಯಾರರ ಕೇಳಿದ್ರ, ಅಲ್ಲಿ ಮಂದಿ ಭಾಳಿತ್ತು ಅಂತೇನಿ. ಸುಳ್ಳೇನದ? ಮಂದಿ ಇದ್ದ ಇರತೈತಿ."

ನಗು ಬರಬೇಕಾದ ಮಾತು. ನಗುವಷ್ಟು ಪುರುಸೊತ್ತಿರಲಿಲ್ಲ. ಹಾಗೆ ಬರೆದರೆ ವಾರಂಟು ಆ ಗಳಿಗೆಗೇ ನಿಲ್ಲುತ್ತದೆ. ಆಮೇಲೆ ಸ್ಟೇ ಸಿಕ್ಕಿದ್ದು ಕಿತ್ತೂರಿನ ಕೇಸಿನಲ್ಲಿ ಎಂದು ಗೊತ್ತಾದರೆ, ಸುಳ್ಳು ಪ್ರಮಾಣಕ್ಕೆ ಜೈಲಿಗೆ ಹೋಗುವವಳು ಅವಳು. ನಿಜ ಬರೆದರೆ ಅದು ಕಾಯಿದೆಯ ಅಳತೆಗೆ ಹೊಂದುವುದಿಲ್ಲ, ಮಗ್ಗಗಳು ಹೋಗುತ್ತವೆ. ಬೇಲೀಫ, ಎಂದರೆ ವಾರಂಟು ಜಾರಿ ಮಾಡುವ ಕೋರ್ಟಿನ ನೌಕರ, ವ್ಯಾಪಾರಿಯ ಆಳುಗಳೊಂದಿಗೆ ಬೆಳಿಗ್ಗೆಯೇ ಊರಿಗೆ ಹೊರಟಿದ್ದಾನೆಂದು ಟೈಪಿಸ್ಟ್ ಹೇಳಿದ.

ನಾನು ನಿಜವನ್ನೇ ಹೊಡೆಸಿದೆ. ಅದನ್ನು ಪ್ರಾಮಾಣಿಕತೆ ಎಂದು ಕರೆದುಕೊಳ್ಳಲಾರೆ. ಎರಡು ಹೆದರಿಕೆಗಳಲ್ಲಿ ಒಂದು ದೊಡ್ಡದಿತ್ತು, ಅಷ್ಟೆ. ಜೊತೆಗೆ ಆ ಮೊದಲ ದಿನದ ಪ್ರಶ್ನೆ ಕಿವಿಯಲ್ಲಿತ್ತು: ಉಳಿದೆರಡನ್ನು ಎಲ್ಲಿ ಬಿಟ್ಟಿರಮ್ಮ? 'ನಾನು ಬೆಂಗಳೂರಿಗೆ ಹೋಗಿಲ್ಲ. ನನ್ನ ವಕೀಲರಿಗೆ ಅಲ್ಲಿಯ ವಕೀಲರು ಫೋನಿನಲ್ಲಿ ಹೇಳಿದರು. ನಡುವೆ ಲೈನು ಹೋಯಿತು. ನನ್ನ ವಕೀಲರು ನನಗೆ ಹೇಳಿದರು.' ಟೈಪಿಸ್ಟ್ ಹೊಡೆದು ಮುಗಿಸಿ, ಕಾಗದ ಎಳೆದು, ಓದಿ, ನನ್ನ ಮುಖ ನೋಡಿದ. "ಇದು ಅಫಿಡವಿಟ್ ಅಲ್ರಿ. ಊರ ಸುದ್ದಿ" ಎಂದ.

ವ್ಯಾಪಾರಿಯ ಪರ ಇದ್ದವರು ಹಳೆಯ ವಕೀಲರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ. ಕೋರ್ಟು ಕೂತ ಮೇಲೆ ನನ್ನ ಕಾಗದದ ಪ್ರತಿ ಓದಿ ಅವರು ನಿಧಾನವಾಗಿ ಕನ್ನಡಕ ತೆಗೆದರು.

"ಸಾಹೇಬ್ರ, ನನ್ನ ತಂಗಿ ಭಾಳ ಶಾಣ್ಯಾಕಿ. ಆದ್ರ ಕಾಯಿದೆ ಸ್ವಂತ ತಿಳುವಳಿಕಿ ಕೇಳತೈತಿ. ಇಕಿ ಆಕಾಶವಾಣಿ ತಂದಾಳ. ಯಾವ ಸ್ಟೇಷನ್ನ ಅನ್ನೂದರ ಹೇಳ್ಲಿ."

ಹಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಬಂದು ಬಹಳ ದಿನವಾಗಿರಲಿಲ್ಲ. ಅವರು ನಗಲಿಲ್ಲ.

"ಫೋನ್ ಮಾಡಿದ ವಕೀಲರು ನಿಮಗೆ ಗೊತ್ತಾ?"

"ಗೊತ್ತು ಸರ್. ಅವರ ಕೈಕೆಳಗೆ ಕೆಲಸ ಮಾಡ್ತೀನಿ."

"ನೋಡಿದೀರಾ ಅವರನ್ನ?"

ಫ್ಯಾನು ತಿರುಗುವ ಸದ್ದು ನೆನಪಿದೆ. ಅಥವಾ ಅದು ಬೇರೆ ಯಾವುದೋ ದಿನದ ಫ್ಯಾನು.

"ಇಲ್ಲ ಸರ್."

"ಒಂದು ಸಲವೂ?"

"ಇಲ್ಲ ಸರ್. ದನಿ ಗೊತ್ತು."

ಅವರು ಕಾಗದವನ್ನು ಮತ್ತೊಮ್ಮೆ ಓದಿದರು. "ಇದು ಸತ್ಯ ಇರಬಹುದಮ್ಮ. ಆದರೆ ಈ ನಿಯಮಕ್ಕೆ ಬೇಕಾದದ್ದು ಇದಲ್ಲ. ಕೈಯಲ್ಲಿ ಏನಾದರೂ ಬರಲಿ, ಆಗ ನೋಡೋಣ" ಎಂದು ಪೆನ್ನಿನ ಮುಚ್ಚಳ ತೆಗೆದರು.

ನನ್ನ ಹಿಂದೆ ಅವಳು ನಿಂತಿದ್ದಳು. ಅವಳಿಗೆ ಆ ಕನ್ನಡ ಅರ್ಥವಾಗದಿರಲು ಸಾಧ್ಯವೇ ಇರಲಿಲ್ಲ. ಅಳಲಿಲ್ಲ. ನನ್ನ ಕೋಟಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಳು, ಅಂಗಡಿಯಲ್ಲಿ ಅರಿವೆ ಪರೀಕ್ಷಿಸುವವರ ಹಾಗೆ.

ಪೆನ್ನು ಕಾಗದ ಮುಟ್ಟುವಷ್ಟರಲ್ಲಿ ನನಗೆ ಕೇವಿಯಟ್ ನೆನಪಾಯಿತು. ನಮ್ಮನ್ನು ಕೇಳದೆ ಯಾವ ಆದೇಶವನ್ನೂ ಕೊಡಬೇಡಿ ಎಂದು ಎದುರಾಳಿ ಮೊದಲೇ ಹೈಕೋರ್ಟಿಗೆ ಹಾಕಿಟ್ಟುಕೊಳ್ಳುವ ಅರ್ಜಿ ಅದು. ವ್ಯಾಪಾರಿ ಅದನ್ನು ಹಾಕಿದ್ದ; ನಾವು ಅಪೀಲು ಸಲ್ಲಿಸುವಾಗ ಅವನ ಬೆಂಗಳೂರು ವಕೀಲರಿಗೆ ಪ್ರತಿ ಕೊಟ್ಟಿದ್ದೆವು. ಹಾಗಾದರೆ ನಿನ್ನೆ ಆ ಹಾಲಿನಲ್ಲಿ ಅವರ ವಕೀಲರೂ ನಿಂತಿದ್ದರು. ಅವರೂ ಸಂಜೆ ಯಾರಿಗಾದರೂ ಫೋನ್ ಮಾಡಿರಲೇಬೇಕು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಕಾಕಾ ತಮ್ಮ ಕಕ್ಷಿದಾರರಿಂದ ಎಂಥ ಸುಳ್ಳನ್ನಾದರೂ ಹೇಳಿಸುತ್ತಿದ್ದರು. ತಾವಾಗಿ, ತಮ್ಮ ಬಾಯಿಂದ, ಕೋರ್ಟಿಗೆ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಅದು ಅವರ ಮಡಿ. ಮೂರೂ ಕೋರ್ಟಿನ ವಕೀಲರಿಗೆ ಅದು ಗೊತ್ತಿತ್ತು. ಆದರೆ ಮಡಿ ಒಂದು ದಿನ ಮುರಿಯಬಹುದು. ಅಥವಾ ಅವರು ನಿಜವನ್ನೇ ಹೇಳಿ, 'ಈ ಕೇಸಿನಲ್ಲಿ ಸ್ಟೇ ಆಗಿಲ್ಲ' ಎನ್ನಬಹುದು. ಆಗ ಎಲ್ಲ ಮುಗಿದಂತೆ. ನನಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಅದು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು ಎಂಬುದು ನಮ್ಮಲ್ಲಿ ಮೊದಲ ಪಾಠ.

"ಸರ್, ಬರೆಯುವ ಮೊದಲು ಒಂದು ವಿನಂತಿ" ಎಂದೆ. "ಕಾಕಾರನ್ನ ಒಂದ ಮಾತು ಕೇಳ್ರಿ. ನಿನ್ನೆ ಸಂಜೀಕ ಅವರಿಗೂ ಬೆಂಗಳೂರಿಂದ ಫೋನ್ ಬಂದಿತ್ತೇನು?"

ನ್ಯಾಯಾಧೀಶರು ತಲೆಯೆತ್ತಿ ಕಾಕಾರ ಕಡೆ ನೋಡಿದರು. ಪೆನ್ನು ಕೆಳಗಿಟ್ಟರು.

ಕಾಕಾ ಕನ್ನಡಕ ಹಾಕಿಕೊಂಡರು. ತೆಗೆದು ಕೋಟಿನ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ನನ್ನ ಕಡೆ ತಿರುಗಿ, ತುಂಬ ತಣ್ಣಗೆ, "ಇದು ಸವಾಲ ಅಲ್ಲವಾ ತಂಗಿ, ಇದು ಕಣ್ಣಿ" ಎಂದರು.

"ಕಾಕಾ, ಬಂದಿತ್ತೋ ಇಲ್ಲೋ?" ಎಂದೆ.

"ಬಂದಿತ್ತ್ರಿ ಸಾಹೇಬ್ರ."

"ಏನಂದ್ರು?" ಎಂದರು ನ್ಯಾಯಾಧೀಶರು.

"ಸ್ಟೇ ಆಗೇತಿ ಅಂದ್ರು. ಇದ ಕೇಸಿನ್ಯಾಗ." ಗೋಡೆಯ ಕಡೆ ನೋಡುತ್ತ, "ಆದ್ರ ಅದೂ ಬರೇ ದನೀನ ಸಾಹೇಬ್ರ. ನಾನೂ ಅವರನ್ನ ನೋಡಿಲ್ಲ" ಎಂದರು.

ಈ ಸಲ ಯಾರೂ ನಗಲಿಲ್ಲ. ನ್ಯಾಯಾಧೀಶರು ಕಾಕಾರ ಮಾತನ್ನು ಅವರ ಹೇಳಿಕೆಯಾಗಿಯೇ ದಾಖಲಿಸಿ, ವಾರಂಟು ಜಾರಿ ಮಾಡದೆ ಹಿಂದಿರುಗಿಸಬೇಕೆಂದು ಕೈಯಲ್ಲೇ ಹುಕುಂ ಬರೆದರು. ಮೊಹರು ಬೀಳುವವರೆಗೆ ನಾನು ಕಚೇರಿಯ ಕಿಟಕಿಯ ಸರಳು ಹಿಡಿದು ನಿಂತಿದ್ದೆ.

ಕೋರ್ಟಿನ ಜವಾನ, ಅವಳು, ನಾನು ಟಂಟಂ ರಿಕ್ಷಾದಲ್ಲಿ ಹೊರಟೆವು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು. "ಈಗ ಕೈಯಾಗ ಇರೂದು ಕಾಗದಾನ ಹೌದಲ್ರಿ?" ಹೌದೆಂದೆ. ಮುಟ್ಟಿ ನೋಡಿದಳು.

ಊರು ಮುಟ್ಟಿದಾಗ ಛಪ್ಪರದ ಮುಂದೆ ಜನ ಸೇರಿದ್ದರು. ಒಂದು ಮಗ್ಗ ಹೊರಗೆ ಬಿಸಿಲಲ್ಲಿ ಬಿದ್ದಿತ್ತು. ಚೌಕಟ್ಟಿನ ಒಂದು ಕಟ್ಟಿಗೆ ಮುರಿದಿತ್ತು. ಒಳಗೆ ಕುಣಿ ಬಾಯಿ ತೆರೆದುಕೊಂಡಿತ್ತು. ಬೇಲೀಫ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ವ್ಯಾಪಾರಿಯ ಆಳೊಬ್ಬ ಅವನ ಮೇಲೆ ಕೂಗಾಡುತ್ತಿದ್ದ. ಜವಾನ ಹುಕುಂ ಕೊಟ್ಟ. ಬೇಲೀಫ ಓದಿ ಮಡಚಿ ಜೇಬಿಗಿಟ್ಟುಕೊಂಡ.

"ಉಳಿದ ಮೂರಕ್ಕ ಯಾಕ ಕೈ ಹಚ್ಚಲಿಲ್ಲ?" ಎಂದು ಕೇಳಿದೆ.

"ಅವುರ ಮ್ಯಾಲ ಹಾಸ ಐತಲ್ರಿ ಅಕ್ಕಾರ. ಹಾಸಿದ್ದ ಮಗ್ಗಕ್ಕ ಕತ್ತರಿ ಹಾಕೂದು ಅಂದ್ರ ಉಣ್ಣಾವರ ಮುಂದಿನ ತಾಟ ಕಸಗೊಂಡಂಗ. ನಾನೂ ಇದ ಕಡೀಯಾಂವ. ನೇಯ್ದು ಮುಗಸ್ರಿ, ಆಮ್ಯಾಲ ಕೀಳತೇನಿ ಅಂದ್ನಿ. ಅದಕ್ಕ ಈ ಮನಶಾ ಒದರಾಕ ಹತ್ಯಾನ." ಹೊರಗೆ ಬಿದ್ದ ಮಗ್ಗದ ಕಡೆ ಕೈ ಮಾಡಿದ. "ಅದೊಂದು ಖಾಲಿ ಇತ್ತ್ರಿ. ನಿನ್ನೆನ ಅರಿವಿ ಇಳಿಸಿದ್ರಂತ."

ಮೈದುನ ಮೂಲೆಯಲ್ಲಿ ನಿಂತಿದ್ದ. ಅವನ ಕೈಯಲ್ಲಿ ಮಡಿಚಿದ ಹೊಸ ಸೀರೆ ಇತ್ತು. ಅದನ್ನು ಉಳಿಸಲೆಂದೇ ಊಟ ಬಿಟ್ಟು ನೇಯ್ದಿದ್ದ. ನೇಯದೆ ಸುಮ್ಮನೆ ಕೂತಿದ್ದರೆ ಮಗ್ಗ ಉಳಿಯುತ್ತಿತ್ತು. ಅತ್ತಿಗೆ ಅವನ ಕೈಯಿಂದ ಸೀರೆ ಇಸಿದುಕೊಂಡು, ಅಂಚು ಬಿಡಿಸಿ ನೋಡಿ, "ಚಲೋ ಬಂದೈತಿ" ಎಂದಳು.

ನಾನು ಬೈಲಹೊಂಗಲಕ್ಕೆ ಬಂದೆ. ಬೂತಿನವ ತಲೆ ಕೆರೆದುಕೊಳ್ಳುತ್ತ, ಫ್ಯಾಕ್ಸಿನ ಕಾಗದದ ಸುರುಳಿ ಮುಗಿದಿದ್ದನ್ನು ತಾನು ನೋಡಿರಲಿಲ್ಲ ಎಂದ. ಏಳಕ್ಕೆ ಸರಿಯಾಗಿ ಗಂಟೆ ಬಾರಿಸಿತು.

"ಏನಾಯ್ತಮ್ಮ?"

"ಮೂರು ಉಳಿದವು ಸರ್. ಒಂದು ಹೋಯಿತು."

"ನೀವು ನೋಡಿದಿರಾ?" ಎಂದು ಅವರು ಕೇಳಿದರು ಎಂದೇ ನನ್ನ ನೆನಪು. ಕತೆಗೆ ಇದು ಎಷ್ಟು ಸರಿಯಾಗಿ ಕೂರುತ್ತದೆಂದರೆ ನನಗೆ ಅನುಮಾನವೇ. ಬಹುಶಃ ಮುಂದಿನ ತಾರೀಖನ್ನು ಬರೆದುಕೊಳ್ಳಿ ಎಂದಷ್ಟೇ ಹೇಳಿ ಇಟ್ಟಿರಬಹುದು.

ಆದರೆ ಇದಂತೂ ನಡೆದದ್ದು. ಒಂದೆರಡು ವಾರದ ಮೇಲೆ ಬೂತಿನವ ನನ್ನನ್ನು ಕೂಗಿದ. ಫೋನಿನಲ್ಲಿ ಅವಳು. ಅವರ ಊರಿನ ಬೂತು ಛಪ್ಪರದ ಪಕ್ಕಕ್ಕೇ ಇತ್ತು.

"ಅಕ್ಕಾರ, ಕೇಳ್ರಿ ಇಲ್ಲೆ" ಎಂದು ರಿಸೀವರನ್ನು ಹೊರಗೆ ಹಿಡಿದಳು.

ಟಕ್, ಟಕ್, ನಡುವೆ ಮತ್ತೊಂದು ಟಕ್. ಸದ್ದಿನ ಮೇಲೆ ಸದ್ದು ಬೀಳುತ್ತಿತ್ತು. ಮೂರೋ ನಾಲ್ಕೋ ಎಂದು ಬಿಡಿಸಿಕೊಳ್ಳಲು ಕಣ್ಣು ಮುಚ್ಚಿ ನೋಡಿದೆ. ಆಗಲಿಲ್ಲ.

"ನಾಲ್ಕೂ ನಡದಾವೇನ? ಆ ಮುರಿದದ್ದು ಕೂಡಿತೇನ?"

ಆ ಕಡೆಯಿಂದ ನಗು ಕೇಳಿಸಿತು. "ಹೌದಂದ್ರ ನಂಬತೀರೇನ್ರಿ? ಬಂದು ನೋಡ್ರಿ, ಅಕ್ಕಾರ."

ರಿಸೀವರ್ ಇಟ್ಟು, ಎದುರಿಗೆ ನಿಂತಿದ್ದ ರಾಮದುರ್ಗದ ಬಸ್ಸು ಹತ್ತಿದೆ.